ಜಾಸ್ತಿ ರ‍್ಯಾಮ್ ಹಾಕಿಸಲಾ, ವೇಗದ ರ‍್ಯಾಮ್ ಹಾಕಿಸಲಾ?

ನೀವು ಕೇಳಿರುವುದು ಇದು: ಮನೆಯ ಕಂಪ್ಯೂಟರಿನಲ್ಲಿ ಐ3-10100 ಪ್ರೊಸೆಸರ್, ಎಚ್410 ಮದರ್‌ಬೋರ್ಡ್, ಡಿಡಿಆರ್4 2666ರ (ಡಿಡಿಆರ್4 ಅಂದರೆ ರ‍್ಯಾಮಿನ ಬಗೆ, 2666 ಅದರ ವೇಗ) ಒಂದೇ 8 ಜಿಬಿ ಸ್ಟಿಕ್ ಇದೆ. ಅದನ್ನು ತೆಗೆದು 3600ರ 8 ಜಿಬಿ ಹಾಕಬೇಕಾ, ಅಥವಾ 2666ರದ್ದೇ ಇನ್ನೊಂದು ಸೇರಿಸಬೇಕಾ? ಕ್ರೋಮ್, ಎಕ್ಸೆಲ್, ಮಗಳ ಆನ್‌ಲೈನ್ ಕ್ಲಾಸ್, ಆಗೊಮ್ಮೆ ಈಗೊಮ್ಮೆ ಫೋಟೋಶಾಪ್ ಅಂದಿದ್ದೀರಿ.

ಇನ್ನೊಂದು ಸೇರಿಸಿ. ನಿಮ್ಮ ಕೆಲಸಕ್ಕೆ ಅದೇ ಸರಿ.

ದುಡ್ಡು ಕೊಡುವ ಮೊದಲು ಒಂದು ಸಲ ನೋಡಿಕೊಳ್ಳಿ. ದಿನಾ ಬಳಸುವ ಎಲ್ಲವನ್ನೂ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಅಲ್ಲಿ ‘ಕಮಿಟೆಡ್’ ಅಂತ ಇರುತ್ತದೆ, 11.2/14.8 ಈ ಥರ. ಮೊದಲ ಅಂಕಿ ನಿಮ್ಮ ಪ್ರೋಗ್ರಾಮುಗಳೆಲ್ಲ ಸೇರಿ ಕೇಳಿಕೊಂಡಿರುವ ಜಾಗ. ಅದು 8 ದಾಟಿ ಹೋಗಿದ್ದು, ‘ಇನ್ ಯೂಸ್’ ಕೂಡ 7ರ ಆಚೆ ನಿಂತಿದ್ದರೆ ಕೊರತೆ ಇರುವುದು ಜಾಗಕ್ಕೆ, ವೇಗಕ್ಕಲ್ಲ.

ರ‍್ಯಾಮ್ ತುಂಬಿದಾಗ ವಿಂಡೋಸ್ ಸುಮ್ನೆ ಕೂರುವುದಿಲ್ಲ. ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನ ಪೇಜ್ ಫೈಲಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಹಳೇ ಟ್ಯಾಬ್ ಒತ್ತಿದಾಗ ಪುಟ ಒಂದು ಕ್ಷಣ ಬೆಳ್ಳಗೆ ನಿಲ್ಲುತ್ತದಲ್ವಾ, ಎಷ್ಟೋ ಸಲ ಅದು ಇದೇ. ರ‍್ಯಾಮಿನಿಂದ ಒಂದು ತುಣುಕು ತರಲು ಹೆಚ್ಚುಕಡಿಮೆ 100 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಅದರ ನೂರಾರು ಪಟ್ಟು, ಹಾರ್ಡ್ ಡಿಸ್ಕ್ ಆದರೆ ಸುಮಾರು ಲಕ್ಷ ಪಟ್ಟು!

ಈಗ ವೇಗದ ಲೆಕ್ಕ ನೋಡಿ. ಕೇಳಿದ್ದನ್ನು ಕೊಡಲು ಸ್ಟಿಕ್ ಎಷ್ಟು ಹೆಜ್ಜೆ ಕಾಯಿಸುತ್ತದೆ ಅನ್ನುವುದೇ ಸಿಎಲ್ ಅಂಕಿ. ಅದನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿದರೆ ಆ 100 ನ್ಯಾನೊಸೆಕೆಂಡಿನಲ್ಲಿ ಸ್ಟಿಕ್ ಕಾಯಿಸುವ ಒಂದು ಪಾಲು ಸಿಗುತ್ತದೆ. 2666, ಸಿಎಲ್19 ಅಂದರೆ 14 ನ್ಯಾನೊಸೆಕೆಂಡ್ ಚಿಲ್ಲರೆ. 3600, ಸಿಎಲ್18 ಅಂದರೆ 10. ಉಳಿಯುವುದು ನಾಲ್ಕು ನ್ಯಾನೊಸೆಕೆಂಡ್! ಎಕ್ಸೆಲ್ ಮುಂದೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಅದೂ ನಿಮಗೆ ಸಿಗುವುದಿಲ್ಲ, ಏಕೆಂದರೆ ಎಚ್410 ಬೋರ್ಡಿನಲ್ಲಿ ಈ ಪ್ರೊಸೆಸರ್ ರ‍್ಯಾಮನ್ನು 2666ರ ಮೇಲೆ ಓಡಿಸುವುದಿಲ್ಲ. 3600ರ ಸ್ಟಿಕ್ ಕೂಡ ಅಷ್ಟಕ್ಕೇ ನಿಲ್ಲುತ್ತದೆ.

ಇನ್ನೊಂದು ಲಾಭವನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ನನಗೆ ಬೇಜಾರಾಗುವುದೇ ಅದಕ್ಕೆ. ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಪ್ರೊಸೆಸರಿಗೆ ಒಟ್ಟಿಗೆ ಎರಡು ದಾರಿ ಸಿಗುತ್ತದೆ. ಒಂದೇ 2666 ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಸಾಗಿಸಬಲ್ಲದು, ಎರಡು ಸೇರಿದರೆ 42.6. ಒಂಟಿ 3600 ತನ್ನ ಪೂರ್ತಿ ವೇಗದಲ್ಲಿ ಓಡಿದರೂ 28.8 ಅಷ್ಟೇ. ಅಂದರೆ ಜಾಗಕ್ಕೆಂದು ತಂದ ಸ್ಟಿಕ್ಕೇ ವೇಗವನ್ನೂ ತರುತ್ತದೆ.

ವೇಗಕ್ಕೆ ದುಡ್ಡು ಹಾಕಬೇಕಾದವರು ಬೇರೆ. ರೈಜೆನ್ 5 5600ಜಿ ಥರದ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರು, ಉದಾಹರಣೆಗೆ. ಅಲ್ಲಿ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ವೇಗದ ಫರಕು ಕಣ್ಣಿಗೇ ಕಾಣುತ್ತದೆ. ಅವರು ಕೂಡ ಮೊದಲು 16 ಜಿಬಿ ಮಾಡಿಕೊಂಡು, ಆಮೇಲೆ ವೇಗ ನೋಡುವುದು ಒಳ್ಳೆಯದು.

ಅಂಗಡಿಗೆ ಹೋದಾಗ ಹಳೇ ಸ್ಟಿಕ್ಕಿನ ಲೇಬಲ್ಲಿನ ಫೋಟೋ ತೋರಿಸಿ, ಡೆಸ್ಕ್‌ಟಾಪಿನದ್ದೇ ಕೇಳಿ. ಲ್ಯಾಪ್‌ಟಾಪಿನದು ಗಿಡ್ಡ, ಕೂರುವುದಿಲ್ಲ. 3200 ಕಡಿಮೆಗೆ ಸಿಕ್ಕರೆ ತಗೊಳ್ಳಿ, ಎರಡೂ ಹಳೆಯದರ ವೇಗದಲ್ಲೇ ಓಡುತ್ತವೆ. ಹಾಕಿಸಿದ ಮೇಲೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಒಂದು ಸಲ ಓಡಿಸಿ. ತಪ್ಪು ತೋರಿಸಿದರೆ ಅವತ್ತೇ ಬದಲಾಯಿಸಿಕೊಳ್ಳಿ.