ಗ್ಯಾಸ್ಟ್ರಿಕ್ ಬೈಪಾಸ್ ನಂತರ ದಿನಾ ವಾಂತಿ: ವಿಟಮಿನ್ ಮಾತ್ರೆ ನಿಲ್ಲಿಸಬಹುದೇ?

ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಜಠರವನ್ನು ಚಿಕ್ಕ ಚೀಲ ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಆಗಿ 2 ತಿಂಗಳು, ವಾರದಿಂದ ದಿನಾ ವಾಂತಿ, ವಿಟಮಿನ್ ಮಾತ್ರೆ ನಿಲ್ಲಿಸಲೇ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ಅದಕ್ಕಿಂತ ಮುಖ್ಯ, ಇವತ್ತೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ.

ಆತುರದಲ್ಲಿ ನುಂಗಿದ ತುತ್ತು ಅಪರೂಪಕ್ಕೆ ವಾಪಸ್ ಬರುವುದು ಬೇರೆ, ದಿನಾ ವಾಂತಿಯಾಗುವುದು ಬೇರೆ. ಹೊಸ ಜಠರದ ಚೀಲ ಇರುವುದೇ ಒಂದು ಮೊಟ್ಟೆಯಷ್ಟು. ಅದನ್ನು ಕರುಳಿಗೆ ಜೋಡಿಸಿದ ಜಾಗ ಕಿರಿದಾದರೆ ಮೊದಲು ಗಟ್ಟಿ ಆಹಾರ ಇಳಿಯುವುದಿಲ್ಲ, ಆಮೇಲೆ ನೀರೂ ಇಳಿಯುವುದಿಲ್ಲ. ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಆ ಜಾಗವನ್ನು ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಸಾಮಾನ್ಯವಾಗಿ ಮತ್ತೆ ಆಪರೇಷನ್ ಬೇಕಾಗುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ಥಯಾಮಿನ್, ಅಂದರೆ ಬಿ1 ಕೊರತೆಗೆ. ದೇಹದಲ್ಲಿ ಅದರ ದಾಸ್ತಾನು 2-3 ವಾರದಷ್ಟೇ. ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮನಸ್ಸು ಗೊಂದಲವಾಗುವುದು ಶುರುವಾದರೆ ನೇರ ಎಮರ್ಜೆನ್ಸಿಗೆ ಹೋಗಿ. ಆಪರೇಷನ್ ವಿಷಯ ತಿಳಿಸಿ, ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ, ಬರೀ ಗ್ಲೂಕೋಸ್ ಇದ್ದಬದ್ದ ಬಿ1 ಅನ್ನೂ ಖಾಲಿ ಮಾಡುತ್ತದೆ.

ವಾಂತಿ ಹತೋಟಿಗೆ ಬಂದ ಮೇಲೆ ಊಟವಾಗಿ ಅರ್ಧ ಗಂಟೆ ನೀರು ಕುಡಿಯಬೇಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ 2 ಗಂಟೆ ಬಿಡಿ. ಮೈಕೈ ನೋವಿಗೆಂದು ಐಬುಪ್ರೊಫೇನ್ ನುಂಗಿದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಸಿಗರೇಟೂ ಅಷ್ಟೇ.