ಗೋಧಿ ಬಿಯರ್‌ಗೆ ಕಿತ್ತಳೆ ಸಿಪ್ಪೆ ಹಾಕಿದರೆ ಕಹಿ ಯಾಕೆ ಬರುತ್ತದೆ?

ನೀವು ಲಂಡನ್ನಿನ ಮನೆಯಲ್ಲಿ 20 ಲೀಟರ್ ಗೋಧಿ ಬಿಯರ್ ಮಾಡಿದ್ದೀರಿ, ಉಡುಪಿಯಿಂದ ಅಮ್ಮ ಗೊಜ್ಜಿಗೆ ಅಂತ ಒಣಗಿಸಿ ಕಳಿಸಿದ್ದ ಕಿತ್ತಳೆ ಸಿಪ್ಪೆಯನ್ನು ಅದರಲ್ಲಿ ಒಂದು ಗಂಟೆ ಕುದಿಸಿದ್ದೀರಿ, ಈಗ ಕಹಿ ಅಂದರೆ ಕಹಿ. ಎಲ್ಲಿ ತಪ್ಪಾಯಿತು ಅಂತ ಕೇಳಿದ್ದೀರಿ. ಲೀಡ್ಸ್‌ನಲ್ಲಿದ್ದ ನಾಲ್ಕು ವರ್ಷ ನಾನೂ ಬಿಯರ್ ಮಾಡುತ್ತಿದ್ದೆ, ಮೊದಲ ಸಲ ನನಗೂ ಹೀಗೇ ಆಗಿತ್ತು. ಈಗ ಮಂಗಳೂರಿನಲ್ಲಿದ್ದೇನೆ, ಇಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡುವ ಹಾಗಿಲ್ಲ, ಆದ್ದರಿಂದ ಬಿಟ್ಟಿದ್ದೇನೆ. ಆದರೆ ಸಿಪ್ಪೆಯ ವಿಷಯ ಚೆನ್ನಾಗಿ ನೆನಪಿದೆ.

ಗೊಜ್ಜಿಗೆ ನಾವು ಸಿಪ್ಪೆಯನ್ನು ಬಿಳಿ ಭಾಗ ಸಮೇತ ಹಾಕುತ್ತೇವೆ ಅಲ್ವಾ? ಕಹಿ ಇದ್ದೇ ಇರುತ್ತದೆ, ಆದರೆ ಬೆಲ್ಲ, ಹುಣಸೆಹುಳಿ, ಮೆಣಸು ಎಲ್ಲ ಸೇರಿ ಅದನ್ನು ಹಿಡಿದುಕೊಳ್ಳುತ್ತವೆ. ಬಿಯರ್‌ನಲ್ಲಿ ಬೆಲ್ಲದ ಕೆಲಸ ಮಾಡಲು ಏನೂ ಉಳಿಯುವುದಿಲ್ಲ. ಸಕ್ಕರೆಯ ಅಂಶವನ್ನು ಹೆಚ್ಚುಕಡಿಮೆ ಯೀಸ್ಟ್ ತಿಂದು ಮುಗಿಸುತ್ತದೆ, ಕಹಿಯನ್ನು ಮಾತ್ರ ಮುಟ್ಟುವುದಿಲ್ಲ. ನಿಮಗೆ ಬೇಕಾದ ಪರಿಮಳ ಇರುವುದು ಮೇಲಿನ ಬಣ್ಣದ ತೆಳು ಪದರದ ಎಣ್ಣೆಯಲ್ಲಿ. ಆ ಎಣ್ಣೆ ಹಬೆಯ ಜೊತೆ ಬೇಗ ಹಾರಿಹೋಗುತ್ತದೆ. ಒಂದು ಗಂಟೆ ಕುದಿಸಿದರೆ ಪರಿಮಳ ನಿಮ್ಮ ಅಡುಗೆಮನೆಗೆ, ಕಹಿ ಬಿಯರ್‌ಗೆ!

ಮುಂದಿನ ಸಲ ತಾಜಾ ಹಣ್ಣು ತೆಗೆದುಕೊಳ್ಳಿ. ಅಲ್ಲಿಯ ಅಂಗಡಿ ಹಣ್ಣಿಗೆ ಮೇಣ ಹಚ್ಚಿರುತ್ತಾರೆ, ಮೇಣ ಇಲ್ಲದ್ದು ಸಿಗದಿದ್ದರೆ ಬಿಸಿನೀರಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ. 20 ಲೀಟರಿಗೆ ಮೂರು ಕಿತ್ತಳೆ ಸಾಕು. ಸಣ್ಣ ತುರಿಮಣೆಯಲ್ಲಿ ಕಿತ್ತಳೆ ಬಣ್ಣ ಇರುವಷ್ಟೇ ತುರಿಯಿರಿ, ಬಿಳಿ ಕಂಡ ಕೂಡಲೇ ಹಣ್ಣು ತಿರುಗಿಸಿ. ಕುದಿಯುವ ಕೊನೆಯ 5 ನಿಮಿಷಕ್ಕೆ ಹಾಕಿ. ಒಣ ಸಿಪ್ಪೆಯೇ ಬೇಕೆಂದರೆ 15 ಗ್ರಾಂನಿಂದ ಶುರು ಮಾಡಿ. ಗೊಜ್ಜಿನ ಸಿಪ್ಪೆ ಇದಕ್ಕೆ ಬೇಡ, ಬಿಳಿ ಭಾಗ ಪೂರ್ತಿ ಕೆರೆದು ಒಣಗಿಸಿದ್ದು ಬೇಕು. ಅಮ್ಮನಿಗೆ ಹೇಳುವುದಿದ್ದರೆ ಮಳೆಗಾಲಕ್ಕೆ ಮೊದಲೇ ಹೇಳಿ ಮಾರಾಯ್ರೆ, ಜೂನ್ ಬಂದರೆ ಇಲ್ಲಿ ಗೆರಸೆಯಲ್ಲಿ ಹರಡಿದ ಸಿಪ್ಪೆ ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ. ಕೊಡಗಿನ ಕಿತ್ತಳೆ ಸಿಕ್ಕರೆ ಒಳ್ಳೆಯದು, ಅದರ ಸಿಪ್ಪೆ ತೆಳು. ಚಕ್ಕೋತ ಬೇಡವೇ ಬೇಡ, ಅದರಲ್ಲಿ ಬಿಳಿಯೇ ಜಾಸ್ತಿ.

ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ತುರಿದದ್ದನ್ನು 100 ಮಿಲಿ ವೋಡ್ಕಾದಲ್ಲಿ ಮೂರು ನಾಲ್ಕು ದಿನ ನೆನೆಹಾಕಿ ಸೋಸಿಡಿ. ಬಿಯರ್ ಹುದುಗಿ ಮುಗಿದ ಮೇಲೆ 200 ಮಿಲಿ ಲೋಟಕ್ಕೆ ತೆಗೆದು, ಮಕ್ಕಳಿಗೆ ಔಷಧ ಕುಡಿಸುವ ಸಿರಿಂಜಿನಲ್ಲಿ ಮೊದಲು ಕಾಲು ಮಿಲಿ, ಆಮೇಲೆ ಅರ್ಧ, ಹೀಗೆ ಹಾಕಿ ರುಚಿ ನೋಡಿ. 20 ಲೀಟರ್ ಅಂದರೆ ಆ ಲೋಟದ ನೂರು ಪಟ್ಟು, ಅರ್ಧ ಮಿಲಿ ಹಿಡಿಸಿತು ಅಂದರೆ ಒಟ್ಟಿಗೆ 50 ಮಿಲಿ ಹಾಕಿ. ಹೀಗೆ ಮಾಡಲು ಶುರು ಮಾಡಿದ ಮೇಲೆ ನನ್ನ ಒಂದು ಬಿಯರೂ ಕೆಡಲಿಲ್ಲ.

ಹಾಗೇ, ನೀವು ಯಾವ ಗೋಧಿ ಬಿಯರ್ ಮಾಡುತ್ತಿದ್ದೀರಿ ಅಂತ ಹೇಳಿಲ್ಲ. ಜರ್ಮನ್ ಬಗೆಯದ್ದಕ್ಕೆ ಸಿಪ್ಪೆ ಬೇಡ, ಬಾಳೆಹಣ್ಣು ಮತ್ತು ಲವಂಗದಂಥ ಪರಿಮಳವನ್ನು ಅದರ ಯೀಸ್ಟೇ ಕೊಡುತ್ತದೆ. ಸಿಪ್ಪೆ, ಕೊತ್ತಂಬರಿ ಹಾಕುವುದು ಬೆಲ್ಜಿಯಂನ ಬಿಳಿ ಬಿಯರ್‌ಗೆ. ಹೂಗಾರ್ಡನ್ ಊರಲ್ಲಿ 1950ರ ದಶಕದಲ್ಲಿ ನಿಂತೇಹೋಗಿದ್ದ ಆ ಬಿಯರನ್ನು 1960ರ ದಶಕದಲ್ಲಿ ಮತ್ತೆ ಶುರು ಮಾಡಿದ್ದು ಪಿಯರ್ ಸೆಲಿಸ್. ಅದಕ್ಕೆ ಹಾಪ್ಸ್ (ಬಿಯರ್‌ಗೆ ಕಹಿ ಕೊಡಲು ಹಾಕುವ ಹೂವು) ಕಡಿಮೆ ಇರಬೇಕು, ಇಲ್ಲದಿದ್ದರೆ ಸಿಪ್ಪೆ ಸರಿಯಾಗಿ ಹಾಕಿದರೂ ಕಹಿಯೇ ಮುಂದೆ ಬರುತ್ತದೆ. ಕೊತ್ತಂಬರಿ ಬೀಜ 15 ಗ್ರಾಂ, ಸುಮ್ನೆ ಜಜ್ಜಿ ಸಿಪ್ಪೆಯ ಜೊತೆಗೇ ಹಾಕಿ. ನಮ್ಮ ಅಭ್ಯಾಸಕ್ಕೆ ಬಾಣಲೆಯಲ್ಲಿ ಹುರಿಯಬೇಡಿ, ಹುರಿದರೆ ಬಿಯರ್‌ಗೆ ಸಾರಿನ ಪುಡಿಯ ವಾಸನೆ ಬರುತ್ತದೆ.

ಈಗ ಮಾಡಿರುವುದನ್ನು ಚೆಲ್ಲಬೇಡಿ. ಇಟ್ಟರೆ ಕಹಿ ಹೋಗುತ್ತದೆ ಅಂತ ಕಾಯಬೇಡಿ, ನಾನು ಮೂರು ತಿಂಗಳು ಕಾದು ನೋಡಿದ್ದೇನೆ. ಸಿಪ್ಪೆ ಹಾಕದೆ ಇನ್ನೊಂದು ಸಲ ಮಾಡಿ, ಕುಡಿಯುವಾಗ ಲೋಟದಲ್ಲೇ ಎರಡನ್ನೂ ಬೆರೆಸಿ ನೋಡಿ, ಕಹಿಯಾದದ್ದು ಒಂದು ಪಾಲು, ಹೊಸದು ಮೂರು ಪಾಲು. ಅಮ್ಮ ಕಳಿಸಿದ ಸಿಪ್ಪೆ ಉಳಿದಿದ್ದರೆ ಅದನ್ನು ಗೊಜ್ಜಿಗೇ ಇಟ್ಟುಕೊಳ್ಳಿ.