ನರ್ಸ್ ‘ಪನಿ ಉಂಡೋ’ ಎಂದರು, ಅತ್ತೆ ಕಿಟಕಿ ಕಡೆ ನೋಡಿದರು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅತ್ತೆಗೆ 68 ವರ್ಷ. ಮನೆಮಾತು ತುಳು, ಓದಿದ್ದು ಕನ್ನಡ, ಮಲಯಾಳ ಬರುವುದಿಲ್ಲ. ಜ್ವರ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾನು ಚೀಟಿಗೆ ಕ್ಯೂನಲ್ಲಿದ್ದಾಗ ನರ್ಸ್ "ಪನಿ ಉಂಡೋ?" ಎಂದು ಕೇಳಿದ್ದಾರೆ. ಅತ್ತೆ ಕಿಟಕಿ ಕಡೆ ನೋಡಿ "ಇಜ್ಜಿ" (ಇಲ್ಲ) ಎಂದಿದ್ದಾರೆ. ಜ್ವರ ಇಲ್ಲ ಎಂದೇ ಬರೆದುಬಿಟ್ಟರು. ನಾನು ಹೋಗಿ ಹೇಳಿದರೆ, "ಮಲಯಾಳ ಬರದಿದ್ದರೆ ಮಂಗಳೂರಿಗೆ ಹೋಗಿ" ಎಂದು ಎಲ್ಲರೆದುರು ಗದರಿದರು. ಈಗ ಅತ್ತೆ ಆಸ್ಪತ್ರೆಯೇ ಬೇಡ ಎನ್ನುತ್ತಾರೆ. ನಾವು ಮಾಡಿದ್ದು ತಪ್ಪಾ?

ಉತ್ತರ: ನಿಮ್ಮದೂ ತಪ್ಪಲ್ಲ, ಅತ್ತೆಯದೂ ಅಲ್ಲ ಅಮ್ಮ. ಮಲಯಾಳದಲ್ಲಿ ಪನಿ ಎಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ಅವರು ಕೇಳಿದ ಪ್ರಶ್ನೆಗೆ ಅತ್ತೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ! ಇಂಥ ಮಾತುಗಳು ನಮ್ಮ ಕಡೆ ಜಾಸ್ತಿ. ‘ಭಕ್ಷಣತ್ತಿನು ಶೇಷಂ’ ಎಂದರೆ ಊಟ ಆದ ಮೇಲೆ ಎಂದು, ಆದರೆ ಶೇಷ ಎಂದರೆ ಉಳಿದದ್ದು ಎಂದು ತಿಳಿದ ಕನ್ನಡದ ಅಜ್ಜಿ ಆ ಮಾತ್ರೆಯನ್ನು ಯಾವಾಗ ನುಂಗಬೇಕು ಹೇಳಿ. ಹಾಗಾಗಿ ಇದನ್ನು ಬರೀ ಮರ್ಯಾದೆಯ ವಿಷಯ ಎಂದು ನಾನು ನೋಡುವುದಿಲ್ಲ. ರೋಗಿ ಹೇಳಿದ್ದು ತಿಳಿಯದಿದ್ದರೆ ಚಿಕಿತ್ಸೆಯೇ ತಪ್ಪುತ್ತದೆ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ನಿಜ. ಇಲ್ಲಿನ ಮನೆಮಾತುಗಳು ಬದಲಾಗಲಿಲ್ಲ ಅಲ್ವಾ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಬೇಕು ಎನ್ನುತ್ತದೆ. ಆಪರೇಷನ್ ಕಾಗದಕ್ಕೆ ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ, ಸಾಕಷ್ಟು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಸರ್ಕಾರಿ ಆಸ್ಪತ್ರೆಯಾದರೆ ದೂರನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಲು ಅವಕಾಶ ಕೊಟ್ಟಿದೆ. ತಾರೀಕು, ಸಮಯ, ಆಡಿದ ಮಾತು, ಅಷ್ಟೇ ಸಾಕು. ಮುಂದಿನ ಸಲ ಅತ್ತೆಯ ಕೈಯಲ್ಲಿ ಒಂದು ಚೀಟಿ ಇರಲಿ: ಎಷ್ಟು ದಿನದಿಂದ ಜ್ವರ, ಯಾವ ಮಾತ್ರೆ ತಗೊಳ್ತಾರೆ, ಯಾವ ಮದ್ದು ಆಗುವುದಿಲ್ಲ. ಮಾತು ತಿರುಗಿಸಿ ಹೇಳಲು ಶಾಲೆ ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗಬೇಡಿ, ಅಜ್ಜಿಗೆ ಮೈಯ ಗುಟ್ಟು ಹೇಳಲು ನಾಚಿಕೆ, ಮಗುವಿಗೆ ಭಯ. ಹೊರಡುವ ಮುಂಚೆ ಮಾತ್ರೆ ಹೇಗೆ ತಗೊಳ್ಳಬೇಕು ಎಂದು ಅತ್ತೆಯೇ ಒಮ್ಮೆ ಹೇಳಲಿ, ನರ್ಸ್ ಕೇಳಿಸಿಕೊಳ್ಳಲಿ. ಅರ್ಧ ನಿಮಿಷದ ಕೆಲಸ.

ಪ್ರಶ್ನೆ: ನಾನು ಉಪ್ಪಳ ಕಡೆಯ ನರ್ಸ್. ಶುಗರ್ ಇರುವ ಬ್ಯಾರಿ ಅಜ್ಜಿಯೊಬ್ಬರು ರಂಜಾನ್ ಉಪವಾಸ ಬಿಡಲ್ಲ ಎಂದರು. "ಹಾಗಾದ್ರೆ ನಮ್ಮ ಹತ್ರ ಯಾಕೆ ಬರ್ತೀರಿ" ಎಂದುಬಿಟ್ಟೆ. ಅವರು ಮತ್ತೆ ಬಂದಿಲ್ಲ. ಏನು ಮಾಡಲಿ?

ಉತ್ತರ: ಫೋನ್ ಮಾಡಿ, ತಪ್ಪಾಯಿತು ಎನ್ನಿ. ಆಮೇಲೆ ಬರಹೇಳಿ. ಕೆಲವರಿಗೆ ಉಪವಾಸ ನಿಜವಾಗಿಯೂ ಅಪಾಯ, ಅದನ್ನು ಡಾಕ್ಟರ್ ಬಿಡಿಸಿ ಹೇಳಬೇಕು. ಆದರೆ ತುಂಬಾ ಜನಕ್ಕೆ ಮಾತ್ರೆಯ ಹೊತ್ತನ್ನು ನಸುಕಿನ ಊಟವಾದ ಸಹರಿಗೂ ಸಂಜೆ ಉಪವಾಸ ಬಿಡುವ ಇಫ್ತಾರ್‌ಗೂ ಹೊಂದಿಸಬಹುದು, ಶುಗರ್ ತೀರಾ ಇಳಿಸುವ ಮಾತ್ರೆಗಳ ಪ್ರಮಾಣ ಬದಲಿಸಬಹುದು. ಇದು ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ಆಗಬೇಕಾದ ಮಾತು. ಬೆರಳು ಚುಚ್ಚಿ ಶುಗರ್ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಧರ್ಮಗುರುಗಳೂ ಹೇಳುತ್ತಾರೆ, ಅಜ್ಜಿಗೆ ಅದನ್ನು ತಿಳಿಸಿ. 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ಅಂದಿನ ಉಪವಾಸ ಬಿಡಲೇಬೇಕು. ಅಜ್ಜಿಯ ಜೊತೆ ಸೊಸೆಯನ್ನೂ ಕೂರಿಸಿಕೊಂಡು ಈ ಎರಡು ಅಂಕಿಗಳನ್ನು ಬರೆದುಕೊಡಿ.